ಭೀಮಣ್ಣನ ಕಪ್ಪು ಹೊತ್ತಿಗೆ

ಹನ್ನೆರಡು ವರ್ಷ ಕಣ್ಣಿಗೆ ಬೀಳದಿದ್ದ ಲ್ಯಾಪ್‌ಟಾಪ್ ಭೀಮಣ್ಣನಿಗೆ ಕೊನೆಗೂ ಸಿಕ್ಕಿದ್ದು ದೇವರ ಕಾಲಡಿಯಲ್ಲಿ.

ಸುಗ್ಗಿ ಮುಗಿದಿತ್ತು. ಇನ್ನೊಂದು ತಿಂಗಳೊಳಗೆ ಅವನು ಶಿಕಾರಿಪುರದ ಕಡೆಯ ಊರುಗಳಿಗೆ ತಿರುಗಾಟ ಹೊರಡಬೇಕು. ಹೊರಡುವ ಮುನ್ನ ದೇವರ ಗೂಡನ್ನು ತೊಳೆದು ಮಡಿ ಮಾಡುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಪ್ರತಿ ಸಲ ಆ ಕೆಲಸ ಹೆಂಡತಿ ಹುಲಿಗೆಮ್ಮನದು. ಈ ಸಲ ಅವಳ ಸೊಂಟ ಹಿಡಿದಿದ್ದರಿಂದ ಭೀಮಣ್ಣನೇ ಕೈ ಹಾಕಿದ. ಹಿತ್ತಾಳೆಯ ಬಸವಣ್ಣನನ್ನು ಇಳಿಸಿದ. ಅಪ್ಪನ ಹೊತ್ತಿಗೆಯನ್ನು ಕಣ್ಣಿಗೊತ್ತಿಕೊಂಡು ಇಳಿಸಿದ. ಎರಡಕ್ಕೂ ಪೀಠವಾಗಿದ್ದ, ಕೆಂಪು ವಸ್ತ್ರ ಸುತ್ತಿದ ಮಣೆಯನ್ನು ಎತ್ತಲು ಹೋದರೆ ಅದು ಯಾಕೋ ಮರದ ಹಾಗೆ ಅನ್ನಿಸಲಿಲ್ಲ. ವಸ್ತ್ರದ ಮೂಲೆ ಜಾರಿ ಒಳಗಿನ ಕಪ್ಪು ಅಂಚು ಕಂಡಿತು.

"ಏ ಹುಲಿಗೆಮ್ಮಾ, ಇದೆಂತದೇ ಇಲ್ಲಿ?"

ಒಲೆಯ ಮುಂದೆ ಕೂತಿದ್ದ ಹುಲಿಗೆಮ್ಮ ತಿರುಗಿ ನೋಡಲಿಲ್ಲ. "ಮಣೆ."

"ಮಣೆಗೆ ವೈರ್ ಚುಚ್ಚೋ ತೂತು ಇರ್ತದಾ?"

ಅವಳು ಕೊಳ್ಳಿಯನ್ನು ಒಲೆಯೊಳಕ್ಕೆ ತಳ್ಳಿದಳು. ಆಮೇಲೆ, "ನೀವು ಗುಜರಿಗೆ ಹಾಕು ಅಂದ್ರಿ. ವರ್ಷಾ ವರ್ಷಾ ಪೂಜೆ ಮಾಡಿದ್ದನ್ನ ಗುಜರಿಗೆ ಹಾಕೋಕೆ ಆಗ್ತದೇನ್ರೀ? ಬಸವಣ್ಣನಿಗೂ ಒಂದು ಮಣೆ ಬೇಕಿತ್ತು" ಅಂದಳು.

"ಗುಜರಿಯವನು ಬದಲಿಗೆ ಬಕೆಟ್ ಕೊಟ್ಟ ಅಂತ ತೋರ್ಸಿದ್ದೆಯಲ್ಲೇ?"

"ಬಕೆಟ್ ಸಂತೇಲಿ ತಗೊಂಡಿದ್ದು."

ಭೀಮಣ್ಣ ಅಲ್ಲೇ ನೆಲದ ಮೇಲೆ ಕೂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ವರ್ಷದಿಂದ ಅವನು ಒಳಗೊಳಗೇ ಯಾವುದಕ್ಕಾಗಿ ಹಂಬಲಿಸುತ್ತಿದ್ದನೋ ಅದರ ಮೇಲೆ ದಿನಾ ಬೆಳಿಗ್ಗೆ ತಾನೇ ಹೂವಿಟ್ಟು ಕೈಮುಗಿದಿದ್ದ.

ಭೀಮಣ್ಣ ಹೆಳವ. ಮನೆಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಆ ಮನೆಯ ವಂಶವನ್ನು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೇಳುವುದು ಅವನ ಕುಲದ ಕಾಯಕ. ಅವನ ಪಾಲಿಗೆ ಬಂದ ನೂರಾ ಮೂವತ್ತು ಮನೆಗಳು ಈಸೂರು, ಅಂಜನಾಪುರ, ಬಂದಳಿಕೆಯ ಸುತ್ತ ಹರಡಿದ್ದವು. ಮೂರು ವರ್ಷಕ್ಕೊಮ್ಮೆ ಒಂದು ಮನೆಗೆ ಹೋಗುವುದು. ಅಪ್ಪ ಎತ್ತಿನ ಮೇಲೆ ಹೋಗುತ್ತಿದ್ದ, ಭೀಮಣ್ಣ ಬಸ್ಸಿನಲ್ಲಿ ಹೋಗುತ್ತಾನೆ. ಗಂಟೆ ಹೊಡೆದು ಒಂದೊಂದೇ ಹೆಸರು ಹೇಳುತ್ತಾ ಹೋದ ಹಾಗೆ ಮನೆಯಾಕೆ ಹೆಸರಿಗೊಂದು ಹಿಡಿ ಅಕ್ಕಿಯನ್ನು ಜೋಳಿಗೆಗೆ ಹಾಕಬೇಕು. ಬದುಕಿರುವವರಿಗೂ ಒಂದೇ ಹಿಡಿ, ಸತ್ತವರಿಗೂ ಒಂದೇ ಹಿಡಿ. ಇದು ಅವನ ಮನೆತನದ ಕ್ರಮ.

ಹೊತ್ತಿಗೆಯನ್ನು ಕೈಗೆ ಕೊಟ್ಟ ದಿನ ಅಪ್ಪ ಅವನ ನಾಲಿಗೆಗೆ ವಿಭೂತಿ ಹಚ್ಚಿ ಹೇಳಿದ್ದ: "ಬದುಕಿರೋರ ಹೆಸರು ತಪ್ಪಿದ್ರೆ ಅವರೇ ತಿದ್ದಿಕೊಳ್ತಾರೆ. ಸತ್ತವರದ್ದು ತಪ್ಪಿದ್ರೆ ಕೇಳೋರಿಲ್ಲ. ಅಲ್ಲಿ ಹುಷಾರು."

ಆ ಹೊತ್ತಿಗೆಯಲ್ಲಿ ಗಂಡುಮಕ್ಕಳಿಗೆ ಮಾತ್ರ ಜಾಗ. ಹೆಣ್ಣು ಇನ್ನೊಂದು ಮನೆಗೆ ಹೋಗುವವಳು, ಅವಳಿಗೆ ಗೆರೆ ಇಲ್ಲ. ಯಾರೂ ಅದನ್ನು ತಪ್ಪು ಅಂದಿರಲಿಲ್ಲ, ಭೀಮಣ್ಣನೂ ಅಂದಿರಲಿಲ್ಲ. ಲ್ಯಾಪ್‌ಟಾಪ್ ಬಂದ ಮೇಲೆ ಅದು ತಾನಾಗಿ ಬದಲಾಯಿತು.

ಅದನ್ನು ಕೊಟ್ಟವರು ಶಿಕಾರಿಪುರದ ಗುರುಪ್ರಕಾಶ್ ಮೇಷ್ಟ್ರು. ಅವರದೂ ಭೀಮಣ್ಣನ ಪಾಲಿನ ಮನೆಯೇ. ಹೊಸದು ತಗೊಂಡಾಗ ಹಳೆಯದನ್ನು ಅವನ ಮುಂದಿಟ್ಟು, "ಹೊತ್ತಿಗೆಗೆ ಗೆದ್ದಲು ಹಿಡೀತದೆ ಭೀಮಣ್ಣ, ಇದಕ್ಕೆ ಹಿಡಿಯಲ್ಲ" ಅಂದರು. ಹತ್ತು ಭಾನುವಾರ ಕೂರಿಸಿಕೊಂಡು ಕನ್ನಡ ಅಕ್ಷರ ಒತ್ತುವುದನ್ನು ಕಲಿಸಿದರು. ಇಟ್ಟಿಗೆಯಷ್ಟು ದಪ್ಪದ ಕಪ್ಪು ಯಂತ್ರ ಅದು. ಕೀಲಿಗಳ ನಟ್ಟನಡುವೆ ಒಂದು ಕೆಂಪು ಗುಂಡಿ. ಹುಲಿಗೆಮ್ಮ ಮೊದಲ ಸಲ ನೋಡಿದವಳೇ, "ಬರೋವಾಗಲೇ ಕುಂಕುಮ ಇಟ್ಕೊಂಡು ಬಂದಿದಾಳೆ, ಮುತ್ತೈದೆ" ಅಂದಿದ್ದಳು.

ಅದರಲ್ಲಿ ಕಾಗದ ಮುಗಿಯುವ ಭಯವಿರಲಿಲ್ಲ. ಭೀಮಣ್ಣ ಒಂದು ಮನೆಯಲ್ಲಿ, ಸುಮ್ಮನೆ ಕೇಳಿದ ಹಾಗೆ, "ಹೆಣ್ಣುಮಕ್ಕಳ ಹೆಸರೂ ಹೇಳಿ, ಜಾಗ ಇದೆ" ಅಂದ. ಅಷ್ಟಕ್ಕೇ ಒಳಗಿನಿಂದ ಮೂರು ಜನ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಮುಂದಿನ ಮನೆಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. "ನಮ್ಮ ಅತ್ತಿಗೇನ್ನೂ ಬರ್ಕೊಳ್ರಿ", "ಸತ್ತ ನಮ್ಮಕ್ಕನ್ನ ಹಾಕ್ಬಹುದೇನ್ರಿ?" ಅಂತ ಕೇಳಿ ಕೇಳಿ ಬರೆಸಿದರು. ನಾಲ್ಕು ವರ್ಷದಲ್ಲಿ ನೂರಾ ಮೂವತ್ತು ಮನೆಗಳ ಹೆಣ್ಣುಮಕ್ಕಳು ಆ ಕಪ್ಪು ಪೆಟ್ಟಿಗೆಯೊಳಗೆ ಬಂದು ಸೇರಿದರು. ಭೀಮಣ್ಣ ಅದನ್ನು ಲ್ಯಾಪ್‌ಟಾಪ್ ಅನ್ನುವುದು ಬಿಟ್ಟು ಕಪ್ಪು ಹೊತ್ತಿಗೆ ಅನ್ನತೊಡಗಿದ.

ಹೊತ್ತಿಗೆ ಅಂದ ಮೇಲೆ ಆಯುಧ ಪೂಜೆ ಆಗಬೇಕಲ್ಲ. ಪ್ರತಿ ವರ್ಷ ವಿಭೂತಿ ಬಳಿದು, ಕುಂಕುಮವಿಟ್ಟು, ಅಕ್ಷತೆ ಹಾಕುತ್ತಿದ್ದ. ಕೊನೆಯ ವರ್ಷ ಭಕ್ತಿ ಒಂದು ತೂಕ ಹೆಚ್ಚಾಯಿತು. ಪರದೆಯ ಮೇಲೆ ಬಸವಣ್ಣನ ಚಿತ್ರ ಬರುವ ಹಾಗೆ ಮಾಡಿ, ಆನ್ ಮಾಡಿಯೇ ಇಟ್ಟು, ಅದಕ್ಕೇ ಮಂಗಳಾರತಿ ಎತ್ತಿದ. ಕಾಯಿ ಒಡೆದ. ಕಾಯಿಯ ನೀರು ಕೀಲಿಗಳ ಮೇಲೆ ಹರಿಯಿತು. ಬಸವಣ್ಣ ಒಮ್ಮೆ ಮಿನುಗಿ ಮಾಯವಾದ.

ದೇವರು ಕಣ್ಣು ಮುಚ್ಚಿಕೊಂಡ, ಅಪ್ಪನ ಹೊತ್ತಿಗೆ ಬಿಟ್ಟು ಬಣ್ಣಕ್ಕೆ ಮರುಳಾದೆನಲ್ಲ, ಅದಕ್ಕೇ, ಎಂದುಕೊಂಡ ಭೀಮಣ್ಣ. "ನನ್ನ ಕಣ್ಣಿಗೆ ಬೀಳಬಾರದು, ಗುಜರಿಗೆ ಹಾಕು" ಅಂದುಬಿಟ್ಟ. ಮತ್ತೆ ಹಳೆಯ ಹೊತ್ತಿಗೆ ಹಿಡಿದು ಹೊರಟ. ಜಗಲಿಗೆ ಬಂದು ಕೂರುತ್ತಿದ್ದ ಹೆಂಗಸರು ಒಂದೆರಡು ಸಲ ಇಣುಕಿ ನೋಡಿ ಅಡುಗೆಮನೆಗೆ ವಾಪಸು ಹೋದರು.

ಹಾಗೇ ಮುಗಿದುಹೋಗುತ್ತಿತ್ತೇನೋ. ಆದರೆ ಮೂರು ವರ್ಷದ ಹಿಂದೆ ಅಂಜನಾಪುರದಲ್ಲಿ ಅವನ ನಾಲಿಗೆ ತಪ್ಪಿತು.

ಸದಾಶಿವಪ್ಪನ ಮನೆ. ಹೊತ್ತಿಗೆಯ ಪ್ರಕಾರ ಸದಾಶಿವಪ್ಪನ ಮಕ್ಕಳು ಇಬ್ಬರು, ಮಹಾಂತೇಶ ಮತ್ತು ರಾಜಕುಮಾರ. ಹೇಳಿ ಮುಗಿಸಿ ಗಂಟೆ ಕೆಳಗಿಡುವಷ್ಟರಲ್ಲಿ ಸದಾಶಿವಪ್ಪನ ಹೆಂಡತಿ ನೀಲಾಂಬಿಕ ಮೆಲ್ಲಗೆ ಕೇಳಿದಳು: "ನಮ್ಮ ಚೊಚ್ಚಲ ಕೂಸು? ಹನ್ನೊಂದು ದಿನ ಇದ್ದದ್ದು? ಆ ಪೆಟ್ಟಿಗ್ಯಾಗ ಬರ್ಕೊಂಡಿದ್ರಿ."

ಜಗಲಿಯ ಮೇಲೆ ಅಕ್ಕಪಕ್ಕದ ನಾಲ್ಕೈದು ಜನ ಕೂತಿದ್ದರು. ಭೀಮಣ್ಣನಿಗೆ ಬರೆದುಕೊಂಡ ನೆನಪಿತ್ತು, ಏನು ಬರೆದುಕೊಂಡೆ ಅನ್ನುವುದು ನೆನಪಿರಲಿಲ್ಲ. ಮರೆತೆ ಅನ್ನಬಹುದಿತ್ತು. ಹೆಳವ ಜಗಲಿಯಲ್ಲಿ ಕೂತು ಮರೆತೆ ಅನ್ನುವುದು ಹೇಗೆ? ಮನೆಯ ಮುಂದಿನ ಕಾಲುವೆಯಲ್ಲಿ ಅಂಜನಾಪುರ ಜಲಾಶಯದ ನೀರು ತುಂಬಿ ಹರಿಯುತ್ತಿತ್ತು. ಕಣ್ಣಿಗೆ ಬಿದ್ದದ್ದೇ ಬಾಯಿಗೆ ಬಂತು.

"ಗಂಗಾಶ್ರೀ" ಅಂದ.

ನೀಲಾಂಬಿಕಳ ಮುಖ ಬಾಡಿತು. ಒಂದು ಹಿಡಿ ಅಕ್ಕಿ ತುಂಬಿ ಜೋಳಿಗೆಗೆ ಹಾಕಲು ಬಂದಳು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಆ ಚೆಲ್ಲಿದ ಅಕ್ಕಿ ಭೀಮಣ್ಣನ ಕಣ್ಣಿನಿಂದ ಮೂರು ವರ್ಷ ಸರಿಯಲಿಲ್ಲ. ಹನ್ನೊಂದು ದಿನದ ಕೂಸು. ಫೋಟೊ ಇಲ್ಲ, ಕಾಗದ ಇಲ್ಲ. ಅದಕ್ಕಿದ್ದದ್ದು ಒಂದು ಹೆಸರು. ಅದನ್ನೂ ತಾನು ಕಿತ್ತುಕೊಂಡು ಬೇರೆ ಯಾವುದನ್ನೋ ತೊಡಿಸಿಬಿಟ್ಟೆ.

ಈ ಸಲದ ತಿರುಗಾಟ ಮತ್ತೆ ಅದೇ ಅಂಜನಾಪುರದಿಂದ ಶುರುವಾಗಬೇಕಿತ್ತು.

ಭೀಮಣ್ಣ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದದ್ದು ಸೊರಬದ ಬಸ್ ಸ್ಟ್ಯಾಂಡಿನ ಹಿಂದಿರುವ ರಜನಿಯ ಅಂಗಡಿಗೆ. ಮೊಬೈಲು, ಕಂಪ್ಯೂಟರು ರಿಪೇರಿ. ಮೂವತ್ತೈದರ ಹೆಣ್ಣುಮಗಳು, ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಕೆಂಪು ವಸ್ತ್ರ ಬಿಚ್ಚಿ, ಕೀಲಿಗಳ ಸಂದಿಯನ್ನು ನೋಡಿದವಳೇ, "ಎಂತ ಅಜ್ಜ ಇದು, ಲ್ಯಾಪ್‌ಟಾಪೋ ಕುಂಕುಮದ ಬಟ್ಟಲೋ?" ಅಂದಳು.

ಭೀಮಣ್ಣ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಕೈಕಟ್ಟಿ ನಿಂತಿದ್ದ.

"ಚಪ್ಪಲಿ ಹಾಕ್ಕೊಳ್ಳಿ ಅಜ್ಜ, ನೆಲದ ಮೇಲೆಲ್ಲ ಸ್ಕ್ರೂ ಬಿದ್ದಾವೆ. ಇದು ಗುಡಿ ಅಲ್ಲ."

"ಇರ್ಲಿ ತಾಯಿ. ಅದನ್ನ ಬಿಚ್ಚುತೀಯಲ್ಲ."

ಅವಳು ಮೊದಲು ಬ್ಯಾಟರಿ ತೆಗೆದಳು. ಹೊಟ್ಟೆ ಉಬ್ಬಿಸಿಕೊಂಡಿತ್ತು. "ಇದನ್ನ ಇನ್ನು ಮನೆಗೆ ತಗೊಂಡು ಹೋಗೋ ಹಾಗಿಲ್ಲ" ಅಂತ ದೂರ ಇಟ್ಟಳು. ಒಂದೊಂದೇ ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕಿದಳು. ಕೀಲಿಮಣೆ ಎತ್ತಿದಾಗ ಇಬ್ಬರೂ ಬಗ್ಗಿ ನೋಡಿದರು. ಅಡಿಯಲ್ಲಿ ಒಣಗಿ ಹಳದಿಗಟ್ಟಿದ ಕಾಯಿನೀರಿನ ಪೊರೆ, ಅದಕ್ಕೆ ಅಂಟಿಕೊಂಡ ಕುಂಕುಮ, ಏಳೆಂಟು ಅಕ್ಷತೆಯ ಕಾಳು, ಬಿಲ್ವಪತ್ರೆಯ ಒಂದು ಚೂರು.

"ಕಾಯಿ ಎಲ್ಲಿ ಒಡೆದ್ರಿ?"

"ಅದರ ಮುಂದೆ."

"ಮುಂದೆ ಅಲ್ಲ, ನೆತ್ತಿ ಮೇಲೇ ಒಡೆದಿದ್ದೀರಿ. ಆಗ ಆನ್ ಇತ್ತಾ?"

"ಇತ್ತು."

ರಜನಿ ನಗು ತಡೆದುಕೊಂಡು, "ಒಳ್ಳೆ ಭಕ್ತರು" ಅಂದಳು. ಭೀಮಣ್ಣನಿಗೆ ಮಾತ್ರ ಎದೆಯೊಳಗೆ ಏನೋ ಸಡಿಲವಾಯಿತು. ಹನ್ನೆರಡು ವರ್ಷ ಅದು ದೇವರ ಮುನಿಸು ಎಂದೇ ನಂಬಿದ್ದ. ಈಗ ಕಣ್ಣೆದುರೇ ಇತ್ತು: ತನ್ನದೇ ಕೈಯಿಂದ ಬಿದ್ದ ನೀರಿನ ಕಲೆ. ದೇವರು ಪಾಪ ಸುಮ್ಮನೆ ಅದರ ಮೇಲೆ ಕೂತು ಕಾದಿದ್ದ. ಅಕ್ಷತೆಯನ್ನೂ ಪತ್ರೆಯ ಚೂರನ್ನೂ ಅವಳು ಕಸಕ್ಕೆ ತಳ್ಳುವ ಮುಂಚೆ ಕಾಗದಕ್ಕೆ ಹಾಕಿಸಿಕೊಂಡು ಅಂಗಿಯ ಜೇಬಿಗಿಟ್ಟ.

ರಜನಿ ಹಾರ್ಡ್ ಡಿಸ್ಕನ್ನು ಕಳಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಅದು ಸಣ್ಣಗೆ ಗುಂಯ್‌ಗುಟ್ಟಿ ತಿರುಗಿತು. ಒಂದು ಫೈಲು ತೆರೆದರೆ ಪರದೆಯ ತುಂಬ ತಲೆಬುಡವಿಲ್ಲದ ಗೀಟು, ಚುಕ್ಕೆ, ಇಂಗ್ಲಿಷಿನಂಥ ಗುರುತುಗಳು. ಭೀಮಣ್ಣನ ಮುಖ ಬಿಳಿಚಿಕೊಂಡಿತು.

"ಹಾಳಾಗಿಲ್ಲ ಅಜ್ಜ, ಹೆದರ್ಬೇಡಿ. ಇದು ಹಳೇ ಕಾಲದ ಕನ್ನಡ ಅಕ್ಷರ, ನನ್ನ ಕಂಪ್ಯೂಟರಿಗೆ ಪರಿಚಯ ಇಲ್ಲ ಅಷ್ಟೆ. ಆ ಅಕ್ಷರ ಹಾಕ್ಕೊಂಡು, ಎಲ್ಲ ಹೊಸ ರೀತಿಗೆ ತಿರುಗಿಸಿ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ. ಈ ಮುದಿ ಎಮ್ಮೆ ಯಾಕೆ ಹೊತ್ಕೊಂಡು ತಿರುಗ್ತೀರಿ?"

"ಹಾಕಿ ಕೊಡು ತಾಯಿ, ಬೇಡ ಅನ್ನಲ್ಲ. ಆದ್ರೆ ಇದೂ ಎದ್ದು ಕೂರ್ಬೇಕು."

"ಯಾಕೆ?"

"ಕೆಡಿಸಿದ್ದು ನಾನು. ಮತ್ತೆ ಆ ಹೆಂಗಸರೆಲ್ಲ ಹೆಸರು ಹೇಳಿದ್ದು ಇದರ ಮುಖ ನೋಡ್ಕೊಂಡು."

ರಜನಿ ಅವನನ್ನೊಮ್ಮೆ ನೋಡಿದಳು. ಹಲ್ಲುಜ್ಜುವ ಹಳೆಯ ಬ್ರಶ್ಶನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕಲು ಶುರುಮಾಡಿದಳು.

ಕೆಲಸ ಮೂರು ವಾರ ಹಿಡಿಯಿತು. ಒಳಗಿನ ಬೋರ್ಡಿನಲ್ಲಿ ಹಸಿರುಗಟ್ಟಿದ ಕಡೆಯೆಲ್ಲ ಉಜ್ಜಿ, ಕಡಿದುಹೋಗಿದ್ದ ಒಂದು ಗೆರೆಗೆ ಕೂದಲೆಳೆಯಷ್ಟು ತಂತಿ ಬೆಸುಗೆ ಹಾಕಿದಳು. ರ‍್ಯಾಮನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದಳು. ಕೀಲಿಮಣೆ ಮಾತ್ರ ಉಳಿಯಲಿಲ್ಲ. ಶಿವಮೊಗ್ಗದಿಂದ ಅದೇ ಜಾತಿಯ ಹಳೆಯದೊಂದನ್ನು ತರಿಸಿದಳು. ಅದಕ್ಕೆ ಕೆಂಪು ಗುಂಡಿ ಇರಲಿಲ್ಲ. "ಮುತ್ತೈದೆ ಬರೀ ಹಣೇಲಿ ಇರೋ ಹಾಗಿಲ್ಲ" ಅಂತ ಭೀಮಣ್ಣ ಪೇಚಾಡಿಕೊಂಡ. ರಜನಿ ಕೆಟ್ಟುಹೋದ ಕೀಲಿಮಣೆಯ ಗುಂಡಿಯನ್ನೇ ಕಿತ್ತು ಇದಕ್ಕೆ ಕೂರಿಸಿದಳು.

ಕೊನೆಯ ದಿನ ಸಂಜೆ ಸ್ವಿಚ್ ಒತ್ತಿದಾಗ ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗಿನ ಫ್ಯಾನು ಕೆಮ್ಮಿದ ಹಾಗೆ ಸದ್ದು ಮಾಡಿ ತಿರುಗಿತು. ಹಳೆಯ ಕಂಪ್ಯೂಟರುಗಳಲ್ಲೆಲ್ಲ ಕಾಣುವ ಹಸಿರು ಗುಡ್ಡ, ನೀಲಿ ಆಕಾಶ ಬರುತ್ತದೆ ಅಂತ ರಜನಿ ಕಾದಿದ್ದಳು. ಬಂದದ್ದು ಬಸವಣ್ಣ. ಹನ್ನೆರಡು ವರ್ಷದ ಹಿಂದೆ ಮಂಗಳಾರತಿಯ ನಡುವೆ ಮಾಯವಾಗಿದ್ದ ಅದೇ ಬಸವಣ್ಣ, ಏನೂ ಆಗಿಯೇ ಇಲ್ಲವೆಂಬಂತೆ ಕೂತಿದ್ದ.

ಭೀಮಣ್ಣ ಎರಡೂ ಕೈ ಎತ್ತಿ ಮುಗಿದ. ರಜನಿ ಕೂಡ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ.

ಅಂಜನಾಪುರದ ಫೈಲು ತೆರೆಯಿತು. ಭೀಮಣ್ಣ ಆತುರಪಡಲಿಲ್ಲ. ವಂಶವನ್ನು ನಡುವಿನಿಂದ ಓದಬಾರದು. ಮೂಲಪುರುಷನಿಂದ ಒಂದೊಂದೇ ತಲೆ ಇಳಿಯುತ್ತಾ ಬಂದ. ಸದಾಶಿವಪ್ಪ. ಹೆಂಡತಿ ನೀಲಾಂಬಿಕ. ಅದರ ಕೆಳಗೆ ಅವನೇ ಒತ್ತಿದ್ದ ಅಕ್ಷರಗಳು:

"ಚೊಚ್ಚಲು ಹೆಣ್ಣು. ಇದ್ದದ್ದು ಹನ್ನೊಂದು ದಿನ. ಹೆಸರು: ತಾಯಿ ಮುಂದಿನ ಸಲ ಹೇಳುತ್ತಾಳೆ. ಮರೆಯದೆ ಕೇಳಬೇಕು."

ಬೆರಳು ಅಲ್ಲೇ ನಿಂತಿತು. ಆಗ ನೆನಪಾಯಿತು. ಹನ್ನೆರಡನೆಯ ದಿನಕ್ಕೆ ತೊಟ್ಟಿಲ ಶಾಸ್ತ್ರ ಗೊತ್ತುಮಾಡಿದ್ದರಂತೆ, ಕೂಸು ಹನ್ನೊಂದಕ್ಕೇ ಹೋಯಿತು. ಹೆಸರೇನು ಅಂತ ಕೇಳಿದಾಗ ನೀಲಾಂಬಿಕ ಬಾಯಿ ತೆರೆದಿದ್ದಳು. ಒಳಗಿನಿಂದ ಅತ್ತೆ, "ಹೋದ ಕೂಸಿಗೆ ಎಂಥಾ ಹೆಸರು, ಎದ್ದು ಬಾ" ಅಂತ ಕೂಗಿದ್ದಳು. ನೀಲಾಂಬಿಕ ಏಳುತ್ತಾ, "ಮುಂದಿನ ಸಲ ಹೇಳ್ತೀನ್ರಿ" ಅಂದಿದ್ದಳು. ಮುಂದಿನ ಎರಡು ಸಲವೂ ಅತ್ತೆ ಜಗಲಿಯಲ್ಲೇ ಕೂತಿರುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ, ಮೂರು ವರ್ಷದ ಹಿಂದೆ, ನೀಲಾಂಬಿಕ ತಾನಾಗಿ ಕೇಳಿದಳು.

ಅವಳು ಹೆಸರು ಕೇಳಿರಲಿಲ್ಲ, ಹೇಳಲು ಕಾದಿದ್ದಳು. ಕೇಳಬೇಕಾದವನು ತಾನು. ಅವಳ ಬಾಯಿಗೆ ಅಡ್ಡ ಬಂದು ಕಾಲುವೆಯ ನೀರು ನೋಡಿ ಏನೋ ಒದರಿದ್ದ.

"ಎಂತ ಆಯ್ತು ಅಜ್ಜ? ಸಿಕ್ಕಿಲ್ವಾ?" ರಜನಿ ಕೇಳಿದಳು.

"ಸಿಕ್ತು ತಾಯಿ. ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡ ತಪ್ಪು ಸಿಕ್ತು."

ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ, ಅಲ್ಲಿಂದ ಅಂಜನಾಪುರ. ಮೂರು ಬಸ್ಸು ಹತ್ತಿ ಇಳಿಯುವಾಗಲೂ ಲ್ಯಾಪ್‌ಟಾಪ್ ಅವನ ತೊಡೆಯ ಮೇಲೇ ಇತ್ತು. ಜೋಳಿಗೆ ಹೆಗಲ ಮೇಲೆ.

ನೀಲಾಂಬಿಕ ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. "ಬರ್ರಿ ಭೀಮಣ್ಣಾರ, ಕುಂದ್ರಿ" ಅಂದವಳು ಕೆಂಪು ವಸ್ತ್ರದಿಂದ ಹೊರಬಂದದ್ದನ್ನು ನೋಡಿ, "ಅಯ್ಯ, ಇದಿನ್ನೂ ಐತೇನ್ರಿ!" ಅಂತ ಬಾಯಿ ಮೇಲೆ ಕೈಯಿಟ್ಟಳು.

"ಇದೆ ತಾಯಿ. ಗಂಟೆ ಹೊಡಿಯೋಕೆ ಮುಂಚೆ ಒಂದು ಮಾತು ಹೇಳ್ಬೇಕು. ಹೋದ ಸಲ ಈ ಜಗಲಿ ಮೇಲೆ ಕೂತು ನಾನು ಸುಳ್ಳು ಹೇಳಿದೆ."

"ಏನು ಸುಳ್ಳು?"

"ಕೂಸಿನ ಹೆಸರು. ನೀವು ನನಗೆ ಹೆಸರೇ ಕೊಟ್ಟಿರಲಿಲ್ಲ. ಕಾಲುವೆ ನೋಡಿ ಬಾಯಿಗೆ ಬಂದದ್ದು ಹೇಳಿದೆ. ತಪ್ಪಾಯ್ತು. ಈಗ ಕೇಳ್ತಾ ಇದೀನಿ. ನೀವು ಇಟ್ಕೊಂಡಿದ್ದ ಹೆಸರು ಏನು ತಾಯಿ?"

ನೀಲಾಂಬಿಕ ಮೊರದಲ್ಲಿ ಒಂದು ಕಲ್ಲನ್ನು ಹುಡುಕಿ ತೆಗೆದು ಅಂಗಳಕ್ಕೆ ಎಸೆದಳು. ಇನ್ನೊಂದನ್ನು ಹುಡುಕಿದಳು.

"ಸುಳ್ಳು ಅಂತ ನಂಗ ಅವತ್ತೇ ಗೊತ್ತಿತ್ರಿ" ಅಂದಳು. "ಕೊಡದೇ ಇದ್ದ ಹೆಸರು ನಿಮಗೆಲ್ಲಿಂದ ಬರಬೇಕು?"

"ಮತ್ತೆ ಯಾಕೆ ಅನ್ನಲಿಲ್ಲ? ನಾಲ್ಕು ಜನರ ಮುಂದೆ ಬೈಬಹುದಿತ್ತು."

"ಏನಂತ ಬೈಲಿ? ಹೊಟ್ಟ್ಯಾಗಿದ್ದಾಗ ಹತ್ತು ಹೆಸರು ಅಂದ್ಕೊಂಡಿದ್ದೆ. ಹೋದ ಮ್ಯಾಲೆ ಒಂದೂ ಬಾಯಿಗೆ ಬರಲಿಲ್ಲ. ಯಾವುದನ್ನ ಅಂದ್ರೂ ಸುಡ್ತಿತ್ತು. ಮುಂದಿನ ಸಲ ಅಂದೆ, ಮುಂದಿನ ಸಲಾನೂ ನನ್ ಹತ್ರ ಹೆಸರಿರಲಿಲ್ಲ ರೀ. ಅವತ್ತು ಕೇಳಿದ್ದು, ಹೆಣ್ಣು ಕೂಸು ಅಂತಾದ್ರೂ ಬರ್ಕೊಂಡೀರೋ ಇಲ್ಲೋ ತಿಳ್ಕೊಳ್ಳಾಕ." ಅವಳು ಮೊರ ಕೆಳಗಿಟ್ಟಳು. "ನೀವು ಇದ್ದಕ್ಕಿದ್ದಂಗ ಗಂಗಾಶ್ರೀ ಅಂದ್ರಿ. ಎದಿ ಝಲ್ ಅಂತು. ನನ್ ಮಗಳನ್ನ ಯಾರೋ ಕರೆದ್ರಲ್ಲಪ್ಪ ಅಂತ. ಕೈಯಾಗಿನ ಅಕ್ಕಿ ನಿಲ್ಲಲಿಲ್ಲ."

ಭೀಮಣ್ಣ ಕೆಂಪು ವಸ್ತ್ರವನ್ನು ಮಡಚಿ ಪಕ್ಕಕ್ಕಿಟ್ಟ.

"ಅವತ್ತಿಂದ ದಿನಾ ದೀಪ ಹಚ್ಚುವಾಗ ಹಂಗೇ ಕರೀತೀನಿ. ಮೂರು ವರ್ಷ ಆತು. ಈಗ ಬಂದು ಸುಳ್ಳು ಅಂತ ವಾಪಸ್ ಇಸ್ಕೊಂಡು ಹೋಗ್ತೀರೇನು?"

ಕಾಲುವೆಯಲ್ಲಿ ಇವತ್ತೂ ನೀರಿತ್ತು. ಭೀಮಣ್ಣ ಅದನ್ನೇ ನೋಡುತ್ತಾ ಕೂತ. ಅಪ್ಪ ನಾಲಿಗೆಗೆ ಹಚ್ಚಿದ್ದ ವಿಭೂತಿಯ ರುಚಿ ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂದಂತಾಯಿತು. ತಾನು ಆಡಿದ್ದು ಸುಳ್ಳೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಎತ್ತಿಕೊಂಡು ಹೋಗಿ ದೀಪದ ಮುಂದೆ ಇಟ್ಟವಳು ಇವಳು. ಇನ್ನು ಅದು ಅವನದಲ್ಲ.

"ಒದರಿದ್ದು ನಾನು. ಹೆಸರಿಟ್ಟದ್ದು ನೀವು ತಾಯಿ" ಅಂದ.

"ಹಂಗಾರ ಬರ್ಕೊಳ್ರಿ."

ಬ್ಯಾಟರಿ ಇಲ್ಲದ ಯಂತ್ರ, ಕರೆಂಟಿಲ್ಲದೆ ಏಳುವುದಿಲ್ಲ. ನೀಲಾಂಬಿಕ ಒಳಗೆ ಹೋಗಿ ಮಿಕ್ಸಿಯ ವೈರ್ ಕಿತ್ತು, ಉದ್ದದ ಎಕ್ಸ್‌ಟೆನ್ಷನ್ ಬಾಕ್ಸನ್ನು ಬಾಗಿಲು ದಾಟಿಸಿ ಎಳೆದು ತಂದಳು. ಬಸವಣ್ಣ ಬಂದು ಕೂತ. ಭೀಮಣ್ಣ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಒತ್ತಿದ. "ಮರೆಯದೆ ಕೇಳಬೇಕು" ಅನ್ನುವುದನ್ನು ಅಳಿಸಿದ. ಚೊಚ್ಚಲು ಅಂದ ಮೇಲೆ ಮೊದಲ ಸಾಲೇ ಅವಳದು. ಹಳೆಯ ಹೊತ್ತಿಗೆಯಲ್ಲಿ ಮೊದಲಿಗನಾಗಿದ್ದ ಮಹಾಂತೇಶ ಇಲ್ಲಿ ಎರಡನೆಯವನು. ಪಕ್ಕದಲ್ಲೇ ಕೂತು ನೋಡುತ್ತಿದ್ದ ನೀಲಾಂಬಿಕ, "ಅವನಿಗೆ ಫೋನ್ ಮಾಡಿ ಹೇಳ್ಬೇಕು, ನೀ ದೊಡ್ಡಾಂವ ಅಲ್ಲ, ನಿಮ್ಮಕ್ಕ ಅದಾಳ ಅಂತ" ಅಂದು ನಕ್ಕಳು. ನಗು ನಡುವೆ ಎಲ್ಲೋ ತುಂಡಾಯಿತು.

ಭೀಮಣ್ಣ ಗಂಟೆ ಹೊಡೆದ. ಮೂಲಪುರುಷನಿಂದ ಹಿಡಿದು ಹೇಳುತ್ತಾ ಬಂದ. ನೀಲಾಂಬಿಕ ಹೆಸರಿಗೊಂದು ಹಿಡಿ ಅಕ್ಕಿ ಜೋಳಿಗೆಗೆ ಹಾಕುತ್ತಾ ಬಂದಳು. ಗದ್ದೆಯಿಂದ ಬಂದ ಸದಾಶಿವಪ್ಪ ಬೈಕ್ ನಿಲ್ಲಿಸುತ್ತಿದ್ದ. ಗಂಟೆಯ ಸದ್ದು ಅವನಿಗೆ ಹೊಸತಲ್ಲ. ಕಾಲು ತೊಳೆಯಲು ಬಚ್ಚಲ ಕಡೆ ಹೊರಟಿದ್ದ.

"ಸದಾಶಿವಪ್ಪ ನೀಲಾಂಬಿಕರ ಚೊಚ್ಚಲ ಮಗಳು, ಹನ್ನೊಂದು ದಿನ ಈ ಮನೆ ಬೆಳಗಿದವಳು, ಗಂಗಾಶ್ರೀ!"

ಸದಾಶಿವಪ್ಪ ಅಲ್ಲೇ ನಿಂತ. ಆ ಕೂಸಿನ ಮಾತನ್ನು ಈ ಮನೆಯಲ್ಲಿ ಅವನು ಒಂದು ದಿನವೂ ಎತ್ತಿದವನಲ್ಲ.

ನೀಲಾಂಬಿಕ ಹಿಡಿ ತುಂಬಿದಳು. ಜೋಳಿಗೆಯ ಮೇಲೆ ಕೈ ಹಿಡಿದು ಸ್ವಲ್ಪ ಹೊತ್ತು ಬೆರಳು ಬಿಡಿಸಲಿಲ್ಲ. ಆಮೇಲೆ ಬಿಡಿಸಿದಳು. ಒಂದು ಕಾಳೂ ಹೊರಗೆ ಬೀಳಲಿಲ್ಲ.

ಭೀಮಣ್ಣ ಮಹಾಂತೇಶನ ಹೆಸರಿಗೆ ಗಂಟೆ ಎತ್ತಿದ. ಅಷ್ಟರಲ್ಲಿ ಸದಾಶಿವಪ್ಪ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಜಗಲಿ ಹತ್ತಿ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಮಣ್ಣು ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಮೊರದಿಂದ ಒಂದು ಹಿಡಿ ಅಕ್ಕಿ ತಗೊಂಡು ಜೋಳಿಗೆಗೆ ಹಾಕಿದ.

ಒಂದು ಹೆಸರಿಗೆ ಎರಡು ಹಿಡಿಯಾಯಿತು. ಅಪ್ಪ ಕಲಿಸಿದ ಕ್ರಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಭೀಮಣ್ಣ ಬೇಡ ಅನ್ನಲಿಲ್ಲ. ಎತ್ತಿದ್ದ ಗಂಟೆಯನ್ನು ಇಳಿಸಿ, ಸದಾಶಿವಪ್ಪ ಅಕ್ಕಿಯ ಪುಡಿ ಅಂಟಿದ ಕೈಯನ್ನು ಮಡಚಿಕೊಂಡು ಹೆಂಡತಿಯ ಪಕ್ಕ ಕೂರುವವರೆಗೆ ಕಾದ. ಆಮೇಲೆ ಮುಂದಿನ ಹೆಸರು ಹೇಳಿದ.